ಕೆರೆಗಳ ಪಾಲನೆಯಲ್ಲಿ ಪುರಜನರ ಹೊಣೆ

ಶ್ರೀಮಠದ ಮಹೋತ್ಸವದ ನೆನಪಿಗಾಗಿ ಹೊರಡುವ ಈ ಸಂಪುಟದಲ್ಲಿ ಗುರುಪರಂಪರೆ, ಶಿವಾನುಭವ, ವಚನಶಾಸ್ತ್ರ ಮೊದಲಾದ ಘನವಾದ ವಿಷಯಗಳ ನಡುವೆ ಕೆರೆ ಕಾಲುವೆ ಚರಂಡಿಗಳ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಶರಣರ ಚರಿತ್ರೆಯನ್ನು ಬಲ್ಲವರಿಗೆ ಮಾತ್ರ ಹಾಗೆ ತೋರಲಾರದು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ತಮ್ಮ ಊರಿನಲ್ಲಿ ಮಹತ್ತಾದ ಕೆರೆಯನ್ನು ಅಗೆಯಿಸಿ, ಕಪಿಲಸಿದ್ಧ ಮಲ್ಲಿಕಾರ್ಜುನನ ಗುಡಿಯನ್ನು ಕಟ್ಟಿಸಿದ ಸಂಗತಿಯನ್ನು ರಾಘವಾಂಕ ಕವಿಯು ತನ್ನ ಸಿದ್ಧರಾಮ ಚಾರಿತ್ರದಲ್ಲಿ ವಿಸ್ತಾರವಾಗಿ ವರ್ಣಿಸಿರುವನು. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಕೆರೆಯೂ ಅದರ ನಡುವಿನ ಗುಡಿಯೂ ಇಂದಿಗೂ ಅಲ್ಲಿರುತ್ತವೆ.

ಅಲ್ಲಮಪ್ರಭುಗಳು ಆ ಊರಿಗೆ ಬಂದಾಗ ಸಿದ್ಧರಾಮರನ್ನು ‘ಒಡ್ಡರಾಮ’ನೆಂದು ಹೆಸರಿಟ್ಟು ಕರೆದರೆಂದೂ, ಅದನ್ನು ಕೇಳಿ ಸಹಿಸಲಾರದೆ ಕೆರೆಯ ಕೆಲಸದವರು ಪ್ರಭುವಿನ ಮೇಲೆ ಕಲ್ಲು ಬೀರಿದರೆಂದೂ ಶೂನ್ಯಸಂಪಾದನೆಯ ಕಥೆಯು ಹೇಳುತ್ತದೆ. ಆತ್ಮಜ್ಞಾನವಿಲ್ಲದೆ ಬರಿಯ ಹೊರಗಣ ಕೆಲಸದಲ್ಲಿ ಮುಳುಗಿದವನಿಗೆ ಅದೂ ಒಂದು ಬಂಧನವೆಂಬುದು ಆ ಪ್ರಸಂಗದ ತಾತ್ಪರ್ಯವಾಗಿರಬಹುದು. ಅಷ್ಟರಿಂದಲೇ ಕೆರೆ ತೋಡುವುದು ಕೀಳು ಕೆಲಸವೆಂದು ಕೆಲವರು ಅರ್ಥಮಾಡುವುದು ನಮಗೆ ಒಪ್ಪಿಗೆಯಾಗದು. ಸಿದ್ಧರಾಮರು ಪ್ರಭುವಿನೊಡನೆ ಕಲ್ಯಾಣಕ್ಕೆ ಹೋದರು, ಶಿವಯೋಗಿಗಳೆಂದು ಲೋಕಮಾನ್ಯರಾದರು. ತೋಡಿದ ಕೆರೆಯನ್ನು ಮಾತ್ರ ಯಾರೂ ಮುಚ್ಚಲಿಲ್ಲ. ಹಳಿಯುವುದಕ್ಕಾಗಿ ಆಡಿದ ಹೆಸರನ್ನೇ ಹೆಮ್ಮೆಯಾಗಿ ತಳೆದವರಂತೆ, ಮಣ್ಣು ಕಲ್ಲುಗಳ ಕೆಲಸವನ್ನೇ ಕುಲವೃತ್ತಿಯಾಗಿ ಮಾಡಿಕೊಂಡು ಬಂದ ಭೋವಿ ಜನಾಂಗದವರು ಇಂದಿಗೂ ಸಿದ್ಧರಾಮೇಶ್ವರರನ್ನು ತಮ್ಮ ಕುಲಗುರುವೆಂದು ಪೂಜಿಸುವರು.

ಈ ಲೇಖನದಲ್ಲಿ ಹೇಳಬೇಕೆಂದಿರುವುದು ಕೆರೆಯನ್ನು ತೋಡಿದವರ ಕೀರ್ತಿಯನ್ನಲ್ಲ. ತೋಡಿದ ಕೆರೆಯನ್ನು ಕೆಡದಂತೆ ಕಾದವರ, ಕಾಯದೆ ಬಿಟ್ಟವರ, ಬಿಟ್ಟ ಮೇಲೆ ಮತ್ತೆ ಕೈಹಚ್ಚಿದವರ ಚರಿತ್ರೆಯನ್ನು. ಊರಿನವರು ಯಾವ ಕೆರೆಯ ನೀರನ್ನು ಕುಡಿಯುವರೋ ಆ ಕೆರೆಯ ಮೇಲೆ ಅವರ ಕಣ್ಣು ಇರುತ್ತದೆ. ಕುಡಿಯುವುದನ್ನು ಬಿಟ್ಟ ದಿನದಿಂದ ಕಣ್ಣು ತಪ್ಪುತ್ತದೆ. ಚರಿತ್ರೆಯನ್ನು ಹಿಡಿದು ನೋಡುವವರಿಗೆ ಇದು ಸ್ಪಷ್ಟವಾಗಿ ಕಾಣುತ್ತದೆಂದು ನಮ್ಮ ಅಭಿಪ್ರಾಯ.

ಕೆರೆಯನ್ನು ಕಟ್ಟಿಸುವುದು ಒಮ್ಮೆ ಮಾಡುವ ಪುಣ್ಯ. ಕಾಯುವುದಾದರೋ ವರ್ಷವರ್ಷವೂ ಮಾಡಬೇಕಾದ ಕೆಲಸ. ಏರಿ ಕುಸಿಯುತ್ತದೆ, ತೂಬು ಸೋರುತ್ತದೆ, ಮಳೆಗಾಲದ ಹೊನಲಿನೊಡನೆ ಬಂದ ಹೂಳು ತಳದಲ್ಲಿ ಕೂರುತ್ತದೆ. ಇದನ್ನು ನಮ್ಮ ನಾಡಿನ ಶಾಸನಗಳನ್ನು ಬರೆಯಿಸಿದವರು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ ಕೆರೆಯನ್ನು ಕಟ್ಟಿಸಿದ ಮಾತಿನೊಡನೆ ಅದರ ಪಾಲನೆಗೆ ಬಿಟ್ಟ ಭೂಮಿಯ ಮಾತೂ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ, ದಶವಂದ ಎಂಬಿವೆಲ್ಲ ಕೆರೆಯನ್ನು ಕಟ್ಟಿದವನಿಗೂ ಕಾಯುವವನಿಗೂ ಸಲ್ಲಬೇಕಾದ ಭೂಮಿಯ ಅಥವಾ ಫಲದ ಪಾಲಿನ ಹೆಸರುಗಳು. ಹೂಳನ್ನು ಸಾಗಿಸುವ ಬಂಡಿಯ ವೆಚ್ಚಕ್ಕೆಂದೇ ದತ್ತಿಯನ್ನು ಬಿಟ್ಟಿರುವ ಶಾಸನಗಳೂ ಉಂಟು. ಧರ್ಮವನ್ನು ಅಳಿದವನಿಗೆ ಪುಣ್ಯಕ್ಷೇತ್ರದಲ್ಲಿ ಗೋಹತ್ಯೆ ಮಾಡಿದ ಪಾಪವು ಬರಲೆಂಬ ಶಾಪದ ಮಾತನ್ನು ಓದಿ ಈಗಿನವರು ನಗುವುದುಂಟು. ಪೋಲೀಸರೂ ಕೋರ್ಟುಗಳೂ ಊರೂರಿಗೆ ಇಲ್ಲದ ಕಾಲದಲ್ಲಿ ಊರಿನವರ ಮನಸ್ಸಾಕ್ಷಿಯನ್ನೇ ಕಾವಲಿಗಿಟ್ಟ ಉಪಾಯವದು. ಎಲ್ಲ ಕಡೆಯೂ ಫಲಿಸಿತೆಂದು ಹೇಳಲಾಗದು, ವ್ಯರ್ಥವಾಯಿತೆಂದೂ ಹೇಳಲಾಗದು.

ವಿಜಯನಗರದ ಕಾಲಕ್ಕೆ ಈ ವಿದ್ಯೆಯು ಎಷ್ಟು ಬೆಳೆದಿದ್ದಿತೆಂಬುದಕ್ಕೆ ಕಡಪಾ ಸೀಮೆಯ ಪೋರುಮಾಮಿಳ್ಳದ ಕೆರೆಯ ಶಾಸನವೊಂದೇ ಸಾಕು. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಟ್ಟಿಸಿದ ಆ ಕೆರೆಯ ಶಾಸನವು ೧೩೬೯ನೆಯ ಇಸವಿಯದು. ಸಾವಿರ ಮಂದಿ ಕೂಲಿಕಾರರು ಎರಡು ವರ್ಷ ದುಡಿದರೆಂದು ಅದರಲ್ಲಿ ಹೇಳಿದೆ. ಒಳ್ಳೆಯ ಕೆರೆಗೆ ಇರಬೇಕಾದ ೧೨ ಅಂಗಗಳನ್ನೂ ಇರಬಾರದ ೬ ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಸೋರುವುದು, ನೆಲವು ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಬೀಳುವುದು ಇವು ಆ ದೋಷಗಳಲ್ಲಿ ಕೆಲವು. ಮೂರನೆಯದನ್ನು ವಾಚಕರು ನೆನಪಿನಲ್ಲಿಡಬೇಕು. ಇಬ್ಬರಿಗೆ ಸೇರಿದ ಕೆರೆ ಯಾರಿಗೂ ಸೇರದೆ ಹೋಗುವುದೆಂಬುದನ್ನು ಆ ಕಾಲದವರು ಕಂಡುಕೊಂಡಿದ್ದರು. ನಮ್ಮ ಕಾಲದಲ್ಲಿ ಒಂದೇ ಕೆರೆಯ ನೆಲವು ಒಂದು ಇಲಾಖೆಗೆ, ನೀರು ಇನ್ನೊಂದಕ್ಕೆ, ಅದಕ್ಕೆ ಬರುವ ಚರಂಡಿಯು ಮತ್ತೊಂದಕ್ಕೆ ಸೇರಿರುವುದನ್ನು ಕಂಡಾಗ ಆ ಶಾಸನಕಾರನ ನೆನಪು ಬಾರದಿರದು.

ಶಾಸನಗಳು ದೊರೆಗಳ ಮತ್ತು ದಾನಿಗಳ ಹೆಸರನ್ನು ಹೇಳುತ್ತವೆ. ನಿತ್ಯದ ಕೆಲಸವನ್ನು ನಡೆಯಿಸಿದವನಾದರೋ ನೀರುಗಂಟಿ. ತೂಬನ್ನೆತ್ತಿ ಇಳಿಸುವವನು, ಯಾರ ಗದ್ದೆಗೆ ಯಾವ ಜಾವದಲ್ಲಿ ಎಷ್ಟು ನೀರೆಂದು ಹಂಚುವವನು, ಮಳೆಗಾಲದ ರಾತ್ರಿ ಏರಿಯ ಮೇಲೆ ತಿರುಗಿ ಸೋರಿಕೆಯನ್ನು ಕಂಡು ಊರನ್ನೆಬ್ಬಿಸುವವನು ಅವನೇ. ಬೇಸಗೆಯಲ್ಲಿ ನೀರಿಳಿದಾಗ ರೈತರು ಬಂಡಿ ಕಟ್ಟಿಕೊಂಡು ಹೋಗಿ ಕೆರೆಯ ಗೋಡನ್ನು ತಂದು ಹೊಲಕ್ಕೆ ಹಾಕುತ್ತಿದ್ದರು; ಹೊಲಕ್ಕೆ ಗೊಬ್ಬರವಾಯಿತು, ಕೆರೆಯ ಹೂಳೂ ತೆಗೆದಂತಾಯಿತು. ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿಗೆ ಬೇರೆ ಕೆರೆ, ದನಕರುಗಳಿಗೂ ಬಟ್ಟೆ ಒಗೆಯುವುದಕ್ಕೂ ಬೇರೆ ಕಟ್ಟೆ ಇರುತ್ತಿದ್ದಿತು. ಕೆರೆ ತುಂಬಿ ಕೋಡಿ ಹರಿದ ದಿನ ಊರಿಗೂರೇ ಬಾಗಿನವನ್ನು ಹಿಡಿದು ಏರಿಗೆ ಹೋಗುವುದು. ಇವೆಲ್ಲವೂ ಸೇರಿ ಪಾಲನೆಯಾಗಿದ್ದಿತೇ ಹೊರತು ಪಾಲನೆಯೆಂಬ ಪ್ರತ್ಯೇಕವಾದ ಕೆಲಸವೊಂದು ಇದ್ದಿರಲಿಲ್ಲ.

ಹಿಂದಿನದೆಲ್ಲವನ್ನೂ ಚಿನ್ನವೆಂದು ಕೊಂಡಾಡುವುದು ಮಾತ್ರ ಚರಿತ್ರೆಯಾಗದು. ಏರಿಗೆ ಮಣ್ಣು ಹೊತ್ತವರಲ್ಲಿ ಅನೇಕರು ಬಿಟ್ಟಿಗೆ ಹೊತ್ತವರು. ಕೆರೆ ನಿಲ್ಲಲೆಂದು ಸೊಸೆಯನ್ನು ಬಲಿಗೊಟ್ಟ ಭಾಗೀರಥಿಯ ಹಾಡನ್ನು ನಮ್ಮ ಹೆಂಗಸರು ಕಣ್ಣೀರಿಟ್ಟು ಹಾಡಿಕೊಂಡು ಬಂದಿರುವುದು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕತಕ್ಕದ್ದಲ್ಲ. ಯಾರ ದುಃಖದ ಮೇಲೆ ಆ ಕಲ್ಲುಗಳು ಕೂತಿವೆಯೆಂಬುದನ್ನು ಅದು ಹೇಳುತ್ತದೆ. ನೀರುಗಂಟಿಯು ಅನೇಕ ಊರುಗಳಲ್ಲಿ ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟ ಜಾತಿಯವನು. ಊರಿನ ನೀರೆಲ್ಲವೂ ಅವನ ಕೈಯಲ್ಲಿ. ಕುಡಿಯುವ ನೀರಿನ ಮೆಟ್ಟಿಲನ್ನು ಮಾತ್ರ ಅವನ ಹೆಂಡಿರು ಮಕ್ಕಳು ಇಳಿಯುವಂತಿಲ್ಲ. ಶರಣರು ಯಾವ ಭೇದವನ್ನು ಅಳಿಸಬೇಕೆಂದು ಹೊರಟರೋ ಅದು ಕೆರೆಯ ಸೋಪಾನದ ಮೇಲೆ ಏಳುನೂರು ವರ್ಷಗಳ ತರುವಾಯವೂ ಕುಳಿತೇ ಇದ್ದಿತು.

ಈ ಸಂಬಂಧವಾಗಿ ಕೊಂಕಣ ಸೀಮೆಯ ಮಹಾಡ್ ಪಟ್ಟಣದಲ್ಲಿ ನಡೆದುದನ್ನು ಹೇಳದೆ ಮುಂದುವರಿಯಲಾಗದು. ಅಲ್ಲಿಯ ಚವದಾರ್ ಕೆರೆಯನ್ನು ಎಲ್ಲ ಜನರಿಗೂ ತೆರೆದಿಡಬೇಕೆಂದು ಪುರಸಭೆಯೇ ನಿರ್ಣಯಿಸಿದ್ದರೂ ಅದು ಕಾಗದದಲ್ಲಿಯೇ ಉಳಿದಿದ್ದಿತು. ೧೯೨೭ನೆಯ ಇಸವಿಯ ಮಾರ್ಚಿ ೨೦ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಹೋಗಿ ಆ ಕೆರೆಯ ನೀರನ್ನು ಕುಡಿದರು. ಇದರಿಂದ ಕೆರಳಿದ ಸವರ್ಣೀಯರು ಕೆರೆಯು ಮೈಲಿಗೆಯಾಯಿತೆಂದು ಪಂಚಗವ್ಯವನ್ನು ಸುರಿದು ‘ಶುದ್ಧಿ’ ಮಾಡಿದರು. ವ್ಯಾಜ್ಯವು ೧೦ ವರ್ಷ ನಡೆದು ೧೯೩೭ರಲ್ಲಿ ಬೊಂಬಾಯಿಯ ಹೈಕೋರ್ಟಿನಲ್ಲಿ ಅಂಬೇಡ್ಕರರ ಪಕ್ಷಕ್ಕೆ ಜಯವಾಯಿತು. ಮನುಷ್ಯನ ಅಂಗೈ ಮುಟ್ಟಿದರೆ ನೀರು ಕೆಡುವುದೆಂದು ನಂಬಿದ ಸಮಾಜವು, ಮನೆಮನೆಯ ಚರಂಡಿಯು ಅದೇ ನೀರಿಗೆ ಬಂದು ಸೇರುವಾಗ ಮೈಲಿಗೆಯ ಮಾತನ್ನೇ ಎತ್ತದೆ ಹೋದುದನ್ನು ಮುಂದೆ ನೋಡುವೆವು. ಕೆರೆಯ ನೀರು ಎಲ್ಲರದೆಂದು ಹಕ್ಕಿನಿಂದ ನಿಂತು ಕೇಳಿದ ಪುರಜನರ ಚಳವಳಿಗಳಲ್ಲಿ ಮಹಾಡಿನದಕ್ಕೆ ಅಗ್ರಸ್ಥಾನವನ್ನು ಕೊಡುವುದು ನ್ಯಾಯವಾಗಿರುತ್ತದೆ.

ಇನ್ನು ಬೆಂಗಳೂರಿನ ವಿಷಯಕ್ಕೆ ಬರೋಣ. ಆ ಊರಿಗೆ ತುಂಬಿ ಹರಿಯುವ ಹೊಳೆಯಿಲ್ಲ. ಎತ್ತರದ ದಿಣ್ಣೆಯ ಮೇಲೆ ಕೂತಿರುವ ಅದರ ಸುತ್ತಲೂ ನೆಲವು ಇಳಿಜಾರಾಗಿದ್ದು, ವೃಷಭಾವತಿ, ಕೋರಮಂಗಲ ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳಲ್ಲಿ ಮಳೆಯ ನೀರು ಇಳಿದು ಹೋಗುತ್ತದೆ. ಈ ಇಳಿಜಾರಿನಲ್ಲಿ ಒಂದರ ಕೆಳಗೊಂದು ಕೆರೆಗಳನ್ನು ಕಟ್ಟಿ, ಮೇಲಿನದರ ಕೋಡಿ ನೀರು ರಾಜಕಾಲುವೆಯ ಮೂಲಕ ಕೆಳಗಿನದಕ್ಕೆ ಬರುವಂತೆ ಹಿರಿಯರು ಮಾಡಿದ್ದರು. ೧೫೩೭ನೆಯ ಇಸವಿಯಲ್ಲಿ ಕೆಂಪೇಗೌಡನು ಪೇಟೆಯನ್ನು ಕಟ್ಟಿಸಿದನೆಂದು ಪ್ರಸಿದ್ಧಿ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳು ಪೇಟೆಯ ಸುತ್ತ ಮಾಲೆಯಂತೆ ಇದ್ದುವು. ಮೈಸೂರು ಸೀಮೆಯ ೨೭,೨೬೯ ಚದರ ಮೈಲಿಗಳಲ್ಲಿ ಹೆಚ್ಚು ಕಡಮೆ ನೂರಕ್ಕೆ ೬೦ ಭಾಗವು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಜಾಗವನ್ನು ಹುಡುಕಬೇಕಾದರೆ ಬಹಳ ಚಾತುರ್ಯವೇ ಬೇಕೆಂದೂ ೧೯ನೆಯ ಶತಮಾನದಲ್ಲಿ ಎಂಜಿನಿಯರಾಗಿದ್ದ ಸ್ಯಾಂಕಿಯವರು ಬರೆದರು. ಅದು ಎಲ್ಲವೂ ಈ ನಾಡಿನ ಜನರ ತಾಳ್ಮೆಯ ದುಡಿಮೆಯಿಂದ ಆದುದೆಂದು ಒಪ್ಪಿಕೊಂಡ ಆ ಪರದೇಶೀಯರ ಹೆಸರಿನಲ್ಲಿಯೇ ೧೮೮೨ರಲ್ಲಿ ಬೆಂಗಳೂರಿನಲ್ಲಿ ಒಂದು ಕೆರೆಯೂ ಆಯಿತು.

ಅದೇ ಶತಮಾನದಲ್ಲಿ ಕೆರೆಗಳ ದುರಸ್ತಿಯು ಊರಿನವರ ಕೈಯಿಂದ ಸರ್ಕಾರದ ಇಲಾಖೆಯ ಕೈಗೆ ಜಾರಿತು. ಕೊಡಗೆಯ ಭೂಮಿಗಳು ಹಳೆಯ ಅರ್ಥವನ್ನು ಕಳೆದುಕೊಂಡುವು. ಮೈಸೂರು ಸರ್ಕಾರವು ೧೯೧೧ರಲ್ಲಿ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ನನ್ನು ಮಾಡಿ ಹಳ್ಳಿಗರನ್ನು ಮತ್ತೆ ಈ ಕೆಲಸಕ್ಕೆ ತೊಡಗಿಸಲು ನೋಡಿತು. ಹಕ್ಕು ಹೋದ ಮೇಲೆ ಹೊಣೆಯೊಂದನ್ನೇ ಹಿಂದಿರುಗಿಸಿದರೆ ತೆಗೆದುಕೊಳ್ಳುವವರು ವಿರಳ.

ಪಟ್ಟಣದಲ್ಲಿ ಆದ ಬದಲಾವಣೆ ಇದಕ್ಕಿಂತಲೂ ದೊಡ್ಡದು. ೧೮೭೬ರಿಂದ ೧೮೭೮ರವರೆಗಿನ ಭಯಂಕರವಾದ ಬರಗಾಲದಲ್ಲಿ ಮಳೆಯನ್ನೇ ನಂಬಿದ ಕೆರೆಗಳು ಬತ್ತಿ, ಊರು ಎಷ್ಟು ಅಪಾಯದ ಅಂಚಿನಲ್ಲಿ ನಿಂತಿದೆಯೆಂಬುದು ಗೊತ್ತಾಯಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ಕೊಳವೆಗಳ ಮೂಲಕ ನೀರನ್ನು ತರುವ ಚಾಮರಾಜೇಂದ್ರ ವಾಟರ್ ವರ್ಕ್ಸ್ ೧೮೯೬ರಲ್ಲಿ ಕೆಲಸಕ್ಕೆ ಮೊದಲಾಯಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ೧೯೭೪ರಲ್ಲಿ ಸುಮಾರು ೧೦೦ ಕಿಲೋಮೀಟರುಗಳ ದೂರದಿಂದ ಕಾವೇರಿಯೇ ಊರಿಗೆ ಏರಿ ಬಂದಳು. ಸೋಸಿ ಶುದ್ಧಮಾಡಿದ ನೀರು ಮನೆಯ ಬಾಗಿಲಿಗೆ ಬಂದುದು ಮಹೋಪಕಾರ. ಕೆರೆಕುಂಟೆಗಳ ನೀರಿನೊಡನೆ ಮನೆಯನ್ನು ಹೊಕ್ಕು ಮಕ್ಕಳನ್ನು ಕೊಂಡೊಯ್ಯುತ್ತಿದ್ದ ವಾಂತಿಭೇದಿಯ ನೆನಪಿರುವ ಮನೆತನದವರು ಕೊಳಾಯಿಯನ್ನು ಹಳಿಯಲಾರರು, ನಾವೂ ಹಳಿಯುವುದಿಲ್ಲ. ಕೊಳಾಯಿಯನ್ನು ತಿರುಗಿಸಿದೊಡನೆ ನೀರು ಬರುವಂತಾದ ಮೇಲೆ ಪೇಟೆಯವರಿಗೆ ಕೆರೆಯ ಮೆಟ್ಟಿಲನ್ನು ಇಳಿಯುವ ಕೆಲಸವಿಲ್ಲದೆ ಹೋಯಿತೆಂಬುದಷ್ಟೇ ಇಲ್ಲಿ ಹೇಳಬೇಕಾದ ಸಂಗತಿ. ಅಂದಿನವರೆಗೆ ನೀರಾಗಿ ಕಾಣುತ್ತಿದ್ದುದು ಅಂದಿನಿಂದ ನಿವೇಶನವಾಗಿ ಕಾಣತೊಡಗಿತು.

ಸಂಪಂಗಿ ಕೆರೆಯ ಕಥೆಯಿಂದ ಇದು ವಿಶದವಾಗುತ್ತದೆ. ಅದರ ನೀರನ್ನು ನಂಬಿ ತೋಟಗಾರಿಕೆ ಮಾಡುತ್ತಿದ್ದ ತಿಗಳರಿಗೆ ಅದು ತುಂಬಿರಬೇಕು. ಅದರ ಬದಿಯಲ್ಲಿ ಬಂಗಲೆಗಳನ್ನು ಕಟ್ಟಿಕೊಂಡಿದ್ದವರಿಗೆ ಅದು ಬರಿದಾಗಿರಬೇಕು. ಅರ್ಜಿಗಳು ಎರಡು ಕಡೆಯಿಂದಲೂ ಹೋದುವು. ಕಡೆಗೆ ಗೆದ್ದವರು ಯಾರೆಂಬುದನ್ನು ಕಂಠೀರವ ಕ್ರೀಡಾಂಗಣಕ್ಕೆ ಹೋದವರೆಲ್ಲರೂ ಬಲ್ಲರು. ಕರಗದ ಉತ್ಸವದ ವಿಧಿಗೆಂದು ಉಳಿಸಿದ ಒಂದು ಪುಟ್ಟ ಕೊಳ ಮಾತ್ರ ಅಲ್ಲಿ ಕೆರೆಯ ಗುರುತಾಗಿ ಉಳಿದಿರುತ್ತದೆ. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಕೆಂಪೇಗೌಡನ ಹೆಸರಿನದೇ ಬಸ್ಸು ನಿಲ್ದಾಣವಿದೆ.

ಮುಚ್ಚಿಹೋದ ಕೆರೆಗಳಿಗಿಂತ ಉಳಿದ ಕೆರೆಗಳ ಗತಿಯು ಹೆಚ್ಚು ಶೋಚನೀಯವಾಯಿತು. ಊರು ಬೆಳೆದಷ್ಟು ಬೇಗ ಒಳಚರಂಡಿಯು ಬೆಳೆಯಲಿಲ್ಲ. ಕಾವೇರಿಯ ನೀರು ಮನೆಗೆ ಬಂದ ಮೇಲೆ ಅಷ್ಟೇ ನೀರು ಕೊಳಚೆಯಾಗಿ ಮನೆಯಿಂದ ಹೊರಡಬೇಕಷ್ಟೆ. ಅದಕ್ಕೆ ಸಿದ್ಧವಾಗಿ ದೊರೆತ ದಾರಿಯು ಮಳೆಯ ನೀರಿಗೆಂದು ಹಿರಿಯರು ಬಿಟ್ಟಿದ್ದ ರಾಜಕಾಲುವೆ. ಹೀಗೆ ಕೆರೆಗೆ ಪ್ರಾಣವನ್ನು ತರುತ್ತಿದ್ದ ನಾಳವೇ ವಿಷವನ್ನು ತರುವ ನಾಳವಾಯಿತು.

ಕೊಳಚೆಯಿಂದ ಕೆರೆ ಸಾಯುವ ಬಗೆಯನ್ನು ಶಾಸ್ತ್ರಜ್ಞರು ಹೀಗೆ ವಿವರಿಸುವರು. ಮಲಮೂತ್ರಗಳಲ್ಲಿಯೂ ಬಟ್ಟೆ ತೊಳೆಯುವ ಪುಡಿಗಳಲ್ಲಿಯೂ ಇರುವ ಸಾರಜನಕ ಮತ್ತು ರಂಜಕದ ಲವಣಗಳು ಹೊಲಕ್ಕೆ ಗೊಬ್ಬರವಿದ್ದಂತೆ ನೀರಿನ ಪಾಚಿಗೂ ಜೊಂಡಿಗೂ ಗೊಬ್ಬರವಾಗುತ್ತವೆ. ಅವು ಮಿತಿಮೀರಿ ಬೆಳೆದು ನೀರನ್ನು ಮುಸುಕಿ, ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವೆಲ್ಲವೂ ವೆಚ್ಚವಾಗುತ್ತದೆ. ಮೀನುಗಳಿಗೆ ಉಸಿರು ಕಟ್ಟುತ್ತದೆ. ೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಬೆಳಗಾಗುವುದರೊಳಗೆ ಹೊಟ್ಟೆ ಮೇಲಾಗಿ ತೇಲಿದುವು. ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಕೊಳೆಯುವ ವಸ್ತುಗಳಿಂದ ಉರಿಯುವ ಅನಿಲವು ಹುಟ್ಟುತ್ತದೆ. ಸುಮಾರು ೯೦೦ ಎಕರೆಗಳ ವಿಸ್ತಾರವುಳ್ಳ ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ಸಾಬೂನಿನ ನೊರೆಯು ಆಳೆತ್ತರವಾಗಿ ಎದ್ದು ರಸ್ತೆಯ ಮೇಲೆ ಹಾರಿತು. ೨೦೧೫ರಲ್ಲಿ ಆ ನೊರೆಗೂ, ೨೦೧೭ ಮತ್ತು ೨೦೧೮ರಲ್ಲಿ ಕೆರೆಯ ಮೇಲೆ ಬೆಳೆದ ಜೊಂಡಿಗೂ ಬೆಂಕಿ ಹತ್ತಿ ಹೊಗೆಯು ಊರನ್ನು ಕವಿಯಿತು. ನೀರಿನಲ್ಲಿ ಬಡಬಾಗ್ನಿಯುಂಟೆಂದು ಪುರಾಣದಲ್ಲಿ ಓದಿದ್ದೆವು. ಅದನ್ನು ಕಣ್ಣಾರೆ ಕಾಣುವ ಭಾಗ್ಯವು ಬೆಂಗಳೂರಿನವರದಾಯಿತು.

ಪುರಜನರು ಈ ಕಾಲದಲ್ಲಿ ಸುಮ್ಮನಿದ್ದರೆಂದು ತಿಳಿಯಬಾರದು. ೧೯೮೫ರಲ್ಲಿ ಲಕ್ಷ್ಮಣರಾಯರ ಅಧ್ಯಕ್ಷತೆಯಲ್ಲಿ ಸರ್ಕಾರವು ನೇಮಿಸಿದ ಸಮಿತಿಯು ಕೆರೆಗಳನ್ನು ಒಡೆದು ಬಡಾವಣೆ ಮಾಡುವುದು ನಿಲ್ಲಬೇಕೆಂದು ಶಿಫಾರಸು ಮಾಡಿತ್ತು. ಆಚರಣೆಯಲ್ಲಿ ಅದು ನಿಧಾನವಾಯಿತು. ಮುಂದೆ ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ಕೊಡುವ ಏರ್ಪಾಡು ನಡೆಯಿತು. ಹಿಂದಿನಿಂದಲೂ ಎಲ್ಲರದಾದ ನೀರಿನ ದಂಡೆಗೆ ಚೀಟಿ ಕೊಂಡು ಹೋಗಬೇಕಾಗುವುದೇ ಎಂದು ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆಯವರು ೨೦೦೮ರಲ್ಲಿ ಕರ್ನಾಟಕದ ಹೈಕೋರ್ಟಿಗೆ ಮೊರೆಹೊಕ್ಕರು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ನೇತೃತ್ವದಲ್ಲಿ ನ್ಯಾಯಾಲಯವು ರಚಿಸಿದ ಸಮಿತಿಯು ೨೦೧೧ರಲ್ಲಿ ವರದಿಯನ್ನು ಕೊಟ್ಟಿತು. ೨೦೧೨ರ ತೀರ್ಪಿನಲ್ಲಿ ಕೆರೆಗಳ ರಕ್ಷಣೆಗೆ ನಿಬಂಧನೆಗಳಾದುವು. ಕೆರೆಯ ಅಂಚಿನಿಂದ ೭೫ ಮೀಟರು ದೂರ ಬಿಟ್ಟು ಕಟ್ಟಡಗಳನ್ನು ಕಟ್ಟಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ೨೦೧೬ರಲ್ಲಿ ವಿಧಿಸಿತು. ಸುಪ್ರೀಂ ಕೋರ್ಟು ೨೦೧೯ರಲ್ಲಿ ಆ ಭಾಗವನ್ನು ರದ್ದುಪಡಿಸಿತು. ಹೀಗೆ ಕೋರ್ಟಿನ ದಾರಿಯು ಏರುವುದೂ ಇಳಿಯುವುದೂ ಉಂಟು. ಅದರಿಂದ ಕೆರೆಯ ನೆಲವು ಅಷ್ಟಿಷ್ಟು ಉಳಿದಿರುವುದು ಸತ್ಯ. ನೆಲ ಉಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬುದೂ ಅಷ್ಟೇ ಸತ್ಯ.

ನೀರಿಗೆ ಕೈಹಚ್ಚಿದವರು ಬೇರೆ ರೀತಿಯವರು. ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆಯು ಸುಮಾರು ೧೩ ಎಕರೆಯಷ್ಟೇ. ಅದು ಬತ್ತಿ ಕಸದ ಗುಂಡಿಯಾಗುತ್ತಿದ್ದಾಗ ನೆರೆಹೊರೆಯ ಗೃಹಸ್ಥರೂ ಗೃಹಿಣಿಯರೂ ಸೇರಿ ೨೦೧೦ರಲ್ಲಿ ಒಂದು ಟ್ರಸ್ಟನ್ನು ಮಾಡಿಕೊಂಡು, ಮರುವರ್ಷ ಅಂದಿನ ಮಹಾನಗರ ಪಾಲಿಕೆಯೊಡನೆ ಒಪ್ಪಂದಮಾಡಿಕೊಂಡು ಅದರ ಪಾಲನೆಯನ್ನು ವಹಿಸಿಕೊಂಡರು. ಕಸ ಹೆಕ್ಕಿದರು, ಗಿಡ ನೆಟ್ಟರು, ಯಾವ ಮನೆಯ ಕೊಳವೆಯು ಮಳೆಯ ಮೋರಿಗೆ ಸೇರಿದೆಯೆಂದು ಹುಡುಕಿದರು. ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯಲ್ಲಿಯೂ ಸುತ್ತಣ ನಿವಾಸಿಗಳು ಪಾಲಿಕೆಯ ಎಂಜಿನಿಯರುಗಳೊಡನೆ ಕೂತು ನಕ್ಷೆಯನ್ನು ನೋಡಿ ಕೆಲಸವನ್ನು ಮಾಡಿಸಿಕೊಂಡರು. ಹೀಗೆ ಪಾಲನೆಗೆ ನಿಂತವರಲ್ಲಿ ಕನ್ನಡ ಮನೆಮಾತಲ್ಲದವರೂ ಬಹುಮಂದಿ. ನೀರಿಗೆ ನಿಂತವನು ಊರಿನವನೇ ಎಂದು ನಾವು ಎಣಿಸುವೆವು.

ಜಕ್ಕೂರಿನ ಕೆರೆಯ ಏರ್ಪಾಡು ವಿಶೇಷವಾಗಿ ಗಮನಿಸತಕ್ಕದ್ದು. ಕೆರೆಯ ತಲೆಯಲ್ಲಿ ಜಲಮಂಡಲಿಯ ಶುದ್ಧೀಕರಣದ ಯಂತ್ರಾಗಾರವಿದ್ದು, ಅದು ದಿನಕ್ಕೆ ೧೦ ದಶಲಕ್ಷ ಲೀಟರು ಕೊಳಚೆಯನ್ನು ಶುದ್ಧಮಾಡುವಂತೆ ಮೊದಲು ಕಟ್ಟಲ್ಪಟ್ಟಿತು. ಅಲ್ಲಿಂದ ಹೊರಟ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಹುಲ್ಲುಗಳು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಬರುತ್ತದೆ. ಯಂತ್ರದಲ್ಲಿ ಉಳಿದ ಲವಣಗಳನ್ನು ಆ ಹುಲ್ಲಿನ ಬೇರುಗಳು ಹೀರುತ್ತವೆ. ಕೆಡಿಸುವ ಹುಲ್ಲೇ ತಕ್ಕ ಸ್ಥಳದಲ್ಲಿ ಇಟ್ಟರೆ ಕಾಯುವ ಹುಲ್ಲಾಗುತ್ತದೆ. ಕೆರೆ ತುಂಬಿ ನಿಂತುದರಿಂದ ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬಂದಿತು. ಬೆಸ್ತರಿಗೆ ಮೀನು ಸಿಕ್ಕಿತು. ದನಗಳಿಗೆ ಮೇವು ಕೊಯ್ಯುವವರಿಗೂ ಜಾಗ ಉಳಿಯಿತು.

ಈ ಕಡೆಯ ಮಾತನ್ನು ಬೇಕೆಂದೇ ಬರೆದಿರುತ್ತೇವೆ. ಇತ್ತೀಚೆಗೆ ಜೀರ್ಣೋದ್ಧಾರವಾದ ಅನೇಕ ಕೆರೆಗಳಿಗೆ ಬೇಲಿಯೂ ಬೀಗವೂ ಆಗಿ, ಬೆಳಗ್ಗೆ ಸಂಜೆ ನಡೆಯಲು ಬರುವವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಮೈಯಾರೋಗ್ಯಕ್ಕಾಗಿ ನಡೆಯುವುದು ಒಳ್ಳೆಯದೇ. ಆದರೆ ಮೂರು ತಲೆಮಾರುಗಳಿಂದ ಅಲ್ಲಿ ಬಲೆ ಬೀಸಿದವನನ್ನು, ಬಟ್ಟೆ ಒಗೆದು ಬದುಕಿದ ಮಡಿವಾಳನನ್ನು, ಹುಲ್ಲು ಕೊಯ್ಯುವ ಮುದುಕಿಯನ್ನು ಹೊರಗೆ ನಿಲ್ಲಿಸಿ ಕೆರೆಯನ್ನು ಕಾಯುತ್ತೇವೆನ್ನುವುದು ಮಹಾಡಿನ ಮೆಟ್ಟಿಲನ್ನು ಬೇರೆ ವೇಷದಲ್ಲಿ ಮತ್ತೆ ಕಟ್ಟಿದಂತೆ. ನೀರು ಕೆಟ್ಟುದನ್ನು ಮೊದಲು ಅರಿಯುವವರು ಅವರೇ. ದಂಡೆಯ ಮೇಲೆ ನಡೆಯುವವನಿಗೆ ದುರ್ಗಂಧ ಬರುವ ಎಷ್ಟೋ ದಿನ ಮೊದಲೇ ಬೆಸ್ತನಿಗೆ ಬಲೆಯಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನ ಹೊರಗೆ ಇಂದಿಗೂ ಊರಿನವರು ಕುಡಿಯುವ ಕೆರೆಯೊಂದನ್ನು ನೋಡಬೇಕಾದರೆ ಚನ್ನಗಿರಿಯ ಬಳಿಯ ಸೂಳೆಕೆರೆಗೆ ಹೋಗಬೇಕು. ಶಾಂತಿಸಾಗರವೆಂದೂ ಅದಕ್ಕೆ ಹೆಸರುಂಟು. ಶಾಂತವ್ವೆಯೆಂಬ ರಾಜಪುತ್ರಿಯು ಕಟ್ಟಿಸಿದಳೆಂದು ಐತಿಹ್ಯ. ಎರಡು ಗುಡ್ಡಗಳ ನಡುವಣ ಕಿರಿದಾದ ಕಂಡಿಯಲ್ಲಿ ಕಟ್ಟಿದ ಏರಿಯೊಂದರಿಂದ ಅಷ್ಟು ವಿಶಾಲವಾದ ಜಲರಾಶಿಯು ಶತಮಾನಗಳಿಂದ ನಿಂತಿದೆ. ಬಯಲುಸೀಮೆಯ ಚಿತ್ರದುರ್ಗ ಪಟ್ಟಣಕ್ಕೆ ಕುಡಿಯುವ ನೀರು ಅಲ್ಲಿಂದ ಹೋಗುತ್ತದೆ. ಹೂಳೂ ಒತ್ತುವರಿಯೂ ಆ ಕೆರೆಯನ್ನೂ ಬಿಟ್ಟಿಲ್ಲ. ಆದರೆ ಅಲ್ಲಿಯ ಜನರು ಸಂಘ ಕಟ್ಟಿಕೊಂಡು, ಮಠಾಧೀಶರನ್ನೂ ಮುಂದಿಟ್ಟುಕೊಂಡು, ಕೆರೆಯ ಎಲ್ಲೆಯನ್ನು ಅಳೆಯಿಸಿ ಗುರುತಿಸಬೇಕೆಂದು ಹಟ ಹಿಡಿದುದನ್ನು ಕಂಡರೆ, ಕುಡಿಯುವ ಕೆರೆಯ ಮೇಲೆ ಕಣ್ಣಿರುತ್ತದೆಂಬ ನಮ್ಮ ಮಾತಿಗೆ ಆಧಾರ ಸಿಕ್ಕಂತಾಗುತ್ತದೆ.

ಮಠಗಳ ಮಾತು ಬಂದುದರಿಂದ ಭಕ್ತರಲ್ಲಿ ಒಂದು ಅರಿಕೆ. ಜಾತ್ರೆಯ ದಿನಗಳಲ್ಲಿ ಮಠಮಠಗಳಲ್ಲಿ ಸಾವಿರಾರು ಜನರಿಗೆ ದಾಸೋಹವು ನಡೆಯುವುದಷ್ಟೆ. ಅನ್ನ ಬೇಯಿಸಿದ ಹಂಡೆಗಳನ್ನು ತೊಳೆದ ನೀರು, ಅಕ್ಕಿ ತೊಳೆದ ನೀರು, ಬಂದವರ ಸ್ನಾನ ಶೌಚಗಳ ನೀರು ಯಾವ ಇಳಿಜಾರಿನಲ್ಲಿ ಹೋಗಿ ಯಾವ ಹಳ್ಳವನ್ನು ಸೇರುತ್ತದೆಂಬುದನ್ನು ಸೇವೆಗೆ ಬಂದ ತರುಣರು ಒಂದು ದಿನ ಅದರ ಬೆನ್ನು ಹಿಡಿದು ನಡೆದು ನೋಡಲಿ. ಅಂಗಡಿಯಿಂದ ತರುವ ಪ್ಲಾಸ್ಟಿಕ್ಕಿನ ತಟ್ಟೆಲೋಟಗಳ ಬದಲು ಮುತ್ತುಗದ ಎಲೆಯೂ ಬಾಳೆಯ ಎಲೆಯೂ ನಮ್ಮ ಪದ್ಧತಿಯೇ ಆಗಿದ್ದುವು. ಅವು ಕೊಳೆತರೆ ಗೊಬ್ಬರವಾಗುತ್ತವೆ. ಬಣ್ಣ ಬಳಿದ ವಿಗ್ರಹಗಳನ್ನು ಊರಿನ ಕೆರೆಯಲ್ಲಿ ಬಿಡುವುದು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವರ ಮನೆಗಳಿಗೂ ನೆರೆಯವರ ಅನುಕರಣೆಯಿಂದ ಬಂದಿರುತ್ತದೆ. ಇದನ್ನು ಹೇಳಿದರೆ ಕೆಲವರಿಗೆ ಬೇಸರವಾಗಬಹುದೆಂದು ಬಲ್ಲೆವು; ಆದರೂ ಹೇಳಬೇಕಾಯಿತು.

ಕೊಳಚೆಯ ನೀರಿನ ಪಯಣವು ಈಗ ಜಿಲ್ಲೆಯ ಗಡಿಯನ್ನೂ ದಾಟಿರುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳೇ ಜೀವಾಳವಾದ ಕೋಲಾರ ಜಿಲ್ಲೆಯಲ್ಲಿ ಮಳೆ ತಪ್ಪಿ, ಕೊಳವೆಬಾವಿಗಳು ಸಾವಿರಾರು ಅಡಿಗಳ ಆಳಕ್ಕಿಳಿದರೂ ನೀರು ಕಾಣದಂತಾದಾಗ, ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧಮಾಡಿ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ಏರಿಸಿ ತುಂಬುವ ಯೋಜನೆಯನ್ನು ಸರ್ಕಾರವು ಕೈಕೊಂಡಿತು. ೨೦೧೮ರಲ್ಲಿ ಆ ನೀರು ಮೊದಲಿಗೆ ಲಕ್ಷ್ಮೀಸಾಗರದ ಕೆರೆಯನ್ನು ಮುಟ್ಟಿತು. ವರ್ಷಗಟ್ಟಲೆ ಬಿರುಕು ಬಿಟ್ಟಿದ್ದ ಕೆರೆಯಂಗಳದಲ್ಲಿ ನೀರನ್ನು ಕಂಡು ಜನರು ಹಿಗ್ಗಿದರು. ಕೆಲವು ವಾರಗಳಲ್ಲಿಯೇ ಅಲ್ಲಿಯೂ ನೊರೆ ಕಾಣಿಸಿಕೊಂಡುದರಿಂದ ಅವರಲ್ಲಿಯೇ ಕೆಲವರು ಹೈಕೋರ್ಟಿನ ಬಾಗಿಲನ್ನು ತಟ್ಟಿ, ಅದೇ ವರ್ಷ ತಡೆಯಾಜ್ಞೆಯೂ ಬಂದಿತು. ತರುವಾಯ ನೀರು ಮತ್ತೆ ಹರಿಯತೊಡಗಿ, ಬಾವಿಗಳಲ್ಲಿ ನೀರೂರಿತು. ಶುದ್ಧೀಕರಣವು ಎರಡನೆಯ ಹಂತಕ್ಕೇ ನಿಲ್ಲದೆ ಮೂರನೆಯ ಹಂತಕ್ಕೆ ಹೋಗಬೇಕೆಂದು ಅಲ್ಲಿಯ ರೈತರೂ ಹೋರಾಟಗಾರರೂ ಕೇಳುತ್ತ ಬಂದಿರುವರು. ನೀರು ಬೇಡವೆಂದು ಅವರು ಹೇಳಲಿಲ್ಲ. ಬೆಂಗಳೂರಿನ ಮನೆಯೊಂದರ ಬಚ್ಚಲಿನಲ್ಲಿ ಬೆಳಗ್ಗೆ ಸುರಿದ ಸಾಬೂನಿನ ನೀರು ಕೆಲವು ದಿನಗಳಲ್ಲಿ ಕೋಲಾರದ ರೈತನ ಕೆರೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕಿಳಿದು ಅವನ ಬಾವಿಗೆ ಬರುತ್ತದೆ. ಅವನ ತೋಟದ ಟೊಮೇಟೊ ಹಣ್ಣಿನೊಡನೆ ಬೆಂಗಳೂರಿನ ಅದೇ ಮನೆಯ ಅಡಿಗೆಯನ್ನು ಮತ್ತೆ ಸೇರುತ್ತದೆ.